ಜಾನ್ ಹಿಂಕ್ಲಿ ಪ್ರಕರಣ: ಜ್ಯೂರಿಯ ಮುಂದೆ ಬಂದ ಮಿದುಳಿನ ಚಿತ್ರ

1981ರ ಮಾರ್ಚ್ 30ರ ಮಧ್ಯಾಹ್ನ, ವಾಷಿಂಗ್ಟನ್‌ನ ಹಿಲ್ಟನ್ ಹೋಟೆಲಿನ ಹೊರಗೆ, ಜಾನ್ ಹಿಂಕ್ಲಿ ಎಂಬ 25 ವರ್ಷದ ಯುವಕ ಎರಡು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಆರು ಗುಂಡು ಹಾರಿಸಿದ. ಅಧ್ಯಕ್ಷ ರೊನಾಲ್ಡ್ ರೇಗನ್, ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ, ಒಬ್ಬ ಪೊಲೀಸ್ ಮತ್ತು ಒಬ್ಬ ಸೀಕ್ರೆಟ್ ಸರ್ವಿಸ್ ಅಧಿಕಾರಿ ಗಾಯಗೊಂಡರು. ಬ್ರೇಡಿಯವರ ತಲೆಗೆ ಹೊಕ್ಕ ಗುಂಡು ಅವರನ್ನು ಜೀವನಪೂರ್ತಿ ಗಾಲಿಕುರ್ಚಿಗೆ ಕಟ್ಟಿಹಾಕಿತು. ಎಲ್ಲವೂ ಟಿವಿ ಕ್ಯಾಮೆರಾಗಳ ಎದುರೇ ನಡೆದಿತ್ತು. ಗುಂಡು ಹಾರಿಸಿದ್ದು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಮರುವರ್ಷ ನಡೆದ ವಿಚಾರಣೆಯಲ್ಲಿ ಉಳಿದಿದ್ದು ಒಂದೇ ಪ್ರಶ್ನೆ: ಆ ಹೊತ್ತಿನಲ್ಲಿ ಅವನ ಮನಸ್ಸು ಯಾವ ಸ್ಥಿತಿಯಲ್ಲಿತ್ತು? ಅದಕ್ಕೆ ಉತ್ತರ ಹುಡುಕುತ್ತ ಪ್ರತಿವಾದಿ ವಕೀಲರು ಆ ಕಾಲಕ್ಕೆ ಹೊಸದೆನಿಸಿದ ಒಂದು ಸಾಕ್ಷ್ಯವನ್ನು ಮುಂದಿಟ್ಟರು. ಅದು ಆರೋಪಿಯ ಮಿದುಳಿನ ಸಿಟಿ ಸ್ಕ್ಯಾನ್.

ಮಿದುಳಿನ ರಚನೆಗೂ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಲಕ್ಷಣಗಳಿಗೂ ಇರುವ ನಂಟಿನ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಪ್ರಕರಣ. ಆ ನಂಟು ನಿಜ. ಆದರೆ ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ.

ಗುಂಡಿಗೆ ಮುಂಚಿನ ವರ್ಷಗಳು

ಹಿಂಕ್ಲಿ ತೈಲೋದ್ಯಮಿಯೊಬ್ಬರ ಮೂರು ಮಕ್ಕಳಲ್ಲಿ ಕಿರಿಯವನು. ಶಾಲೆಯಲ್ಲಿ ಮೊದಮೊದಲು ಆಟೋಟಗಳಲ್ಲಿದ್ದ ಹುಡುಗ ಹೈಸ್ಕೂಲಿನ ಹೊತ್ತಿಗೆ ಕೋಣೆ ಸೇರಿದ. ಗಿಟಾರು, ಬೀಟಲ್ಸ್ ಹಾಡುಗಳು, ಮುಚ್ಚಿದ ಬಾಗಿಲು. 1973ರಲ್ಲಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯಕ್ಕೆ ಸೇರಿದವನು ಏಳು ವರ್ಷ ಬಿಟ್ಟು ಬಿಟ್ಟು ಓದಿದರೂ ಪದವಿ ಮುಗಿಸಲಿಲ್ಲ. 1976ರಲ್ಲಿ ಗೀತರಚನೆಕಾರನಾಗುತ್ತೇನೆಂದು ಹಾಲಿವುಡ್‌ಗೆ ಹೋದ. ಅಲ್ಲಿಂದ ಮನೆಗೆ ಬರೆದ ಪತ್ರಗಳಲ್ಲಿ ಲಿನ್ ಎಂಬ ಗೆಳತಿಯ ಸುದ್ದಿ ಇರುತ್ತಿತ್ತು. ಅಂಥ ಹುಡುಗಿಯೇ ಇರಲಿಲ್ಲ. ಮುಂದೆ ಒಂದು ರಾಜಕೀಯ ಸಂಘಟನೆಯನ್ನೂ ಕಟ್ಟಿದ. ಅದರ ಸದಸ್ಯರೆಲ್ಲ ಅವನ ಕಲ್ಪನೆಯಲ್ಲಿದ್ದವರು. 'ಟ್ಯಾಕ್ಸಿ ಡ್ರೈವರ್' ಸಿನಿಮಾವನ್ನು ಮತ್ತೆ ಮತ್ತೆ ನೋಡಿ, ಅದರಲ್ಲಿ ನಟಿಸಿದ್ದ ಜೋಡಿ ಫಾಸ್ಟರ್‌ಳಲ್ಲಿ ಮನಸ್ಸು ನೆಟ್ಟು, ಅವಳು ಓದುತ್ತಿದ್ದ ಯೇಲ್ ವಿಶ್ವವಿದ್ಯಾಲಯದ ತನಕ ಬೆನ್ನು ಹತ್ತಿ ಹೋದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ.

ನನ್ನ ಗಮನ ನಿಲ್ಲುವುದು ಕಡಿಮೆ ಸದ್ದು ಮಾಡಿದ ಸಂಗತಿಗಳ ಮೇಲೆ. ಕೆಲಸ ಹುಡುಕುವುದಿಲ್ಲ, ಹುಡುಕಿದರೂ ನಿಲ್ಲುವುದಿಲ್ಲ. ಸ್ನೇಹಿತರಿಲ್ಲ. ಮುಖದಲ್ಲಿ ಭಾವ ಮೂಡುವುದು ಕಡಿಮೆ. ಇಡೀ ದಿನ ಒಬ್ಬನೇ ಕೂತಿರುತ್ತಾನೆ. ಕೊಲೊರಾಡೋದಲ್ಲಿ ಅವನನ್ನು ನೋಡುತ್ತಿದ್ದ ಮನೋವೈದ್ಯ ಜಾನ್ ಹಾಪರ್ ಇದನ್ನು ಸ್ಕಿಜೋಫ್ರೇನಿಯಾ ಎಂದು ಬಗೆಯಲಿಲ್ಲ. ಬೆಳೆದ ಮಗ ಅಪ್ಪ-ಅಮ್ಮನನ್ನು ಆತುಕೊಂಡಿದ್ದಾನೆ, ಅವನನ್ನು ಸ್ವಂತ ಕಾಲ ಮೇಲೆ ನಿಲ್ಲಿಸಬೇಕು ಎಂಬುದು ಅವರ ತೀರ್ಮಾನವಾಗಿತ್ತು. ಹೆತ್ತವರೊಂದಿಗೆ ಸೇರಿ ಒಂದು ಗಡುವನ್ನು ಗೊತ್ತುಮಾಡಿದರು: ಮಾರ್ಚ್ 1ರೊಳಗೆ ಕೆಲಸ, ಮಾರ್ಚ್ 30ರೊಳಗೆ ಮನೆಯಿಂದ ಹೊರಗೆ. ಮಾರ್ಚ್ 7ರಂದು ತಂದೆ ಡೆನ್ವರ್ ವಿಮಾನನಿಲ್ದಾಣದಲ್ಲಿ ಮಗನನ್ನು ಎದುರುಗೊಂಡು, ಕೈಗೆ ಒಂದಿಷ್ಟು ಹಣ ಕೊಟ್ಟು, ಇನ್ನು ಮನೆಗೆ ಬರಬೇಡ ಎಂದು ಹೇಳಿ ಕಳುಹಿಸಿದರು. ಗುಂಡು ಹಾರಿದ ದಿನಾಂಕವನ್ನು ಇನ್ನೊಮ್ಮೆ ನೋಡಿ.

ವಿಚಾರಣೆಯಲ್ಲಿ ಸಾಕ್ಷಿ ನುಡಿಯುವಾಗ ಆ ತಂದೆ ಅತ್ತರು, ಮಗನ ದುರಂತಕ್ಕೆ ತಾನೇ ಕಾರಣ ಎಂದರು. ಅವರ ಮೇಲೆ ತಪ್ಪು ಹೊರಿಸುವುದು ಸುಲಭ, ನ್ಯಾಯವಲ್ಲ. ಇಲ್ಲದ ಧ್ವನಿಗಳನ್ನು ಕೇಳುವುದು, ಯಾರೋ ಸಂಚು ಹೂಡಿದ್ದಾರೆಂದು ನಂಬುವುದು ಮುಂತಾದವು ಕಾಯಿಲೆಯೆಂದು ಯಾರಿಗಾದರೂ ಹೊಳೆಯುತ್ತದೆ. ಮಾತು, ಉತ್ಸಾಹ, ಒಡನಾಟ, ಇಚ್ಛಾಶಕ್ತಿ ಒಂದೊಂದಾಗಿ ಬತ್ತುವುದು ಮಾತ್ರ ಸೋಮಾರಿತನದಂತೆಯೇ ಕಾಣುತ್ತದೆ. ವೈದ್ಯರು ಮೊದಲನೆಯದನ್ನು ಧನಾತ್ಮಕ ಲಕ್ಷಣಗಳು ಎನ್ನುತ್ತಾರೆ, ಎರಡನೆಯದನ್ನು ಋಣಾತ್ಮಕ ಲಕ್ಷಣಗಳು. ನಮ್ಮ ಊರುಗಳಲ್ಲೂ 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂಬ ಮಾತು ಹುಟ್ಟುವುದು ಈ ಎರಡನೆಯ ಬಗೆಯನ್ನು ಕಂಡಾಗಲೇ. ಹಿಂಕ್ಲಿಯಲ್ಲಿ ಎದ್ದು ಕಾಣುತ್ತಿದ್ದುದೂ ಬಹುಪಾಲು ಅದೇ.

ಒಬ್ಬ ಆರೋಪಿ, ಹಲವು ಹೆಸರು

ವಿಚಾರಣೆ 1982ರ ಮೇ ತಿಂಗಳಲ್ಲಿ ನ್ಯಾಯಾಧೀಶ ಬ್ಯಾರಿಂಗ್ಟನ್ ಪಾರ್ಕರ್ ಅವರ ಮುಂದೆ ಆರಂಭವಾಯಿತು. ಪ್ರತಿವಾದಿಯ ಪರ ಮುಖ್ಯ ಸಾಕ್ಷಿ ವಿಲಿಯಂ ಕಾರ್ಪೆಂಟರ್, ಸ್ಕಿಜೋಫ್ರೇನಿಯಾ ಸಂಶೋಧನೆಯಲ್ಲಿ ಹೆಸರು ಮಾಡಿದವರು. ಮಂಕಾದ ಭಾವಾಭಿವ್ಯಕ್ತಿ, ವಾಸ್ತವದಿಂದ ತನ್ನೊಳಗಿನ ಲೋಕಕ್ಕೆ ಸರಿದಿರುವುದು, ಖಿನ್ನತೆ, ಕೆಲಸವನ್ನೂ ಸಂಬಂಧವನ್ನೂ ಕಟ್ಟಿಕೊಳ್ಳಲಾಗದಿರುವುದು ಇವನ್ನು ಎತ್ತಿ ತೋರಿಸಿ ಇದು ಸ್ಕಿಜೋಫ್ರೇನಿಯಾ ಎಂದರು. ಡೇವಿಡ್ ಬೇರ್ ಎಂಬ ಹಾರ್ವರ್ಡಿನ ಮನೋವೈದ್ಯರೂ ಹೆಚ್ಚುಕಡಿಮೆ ಅದೇ ಮಾತನ್ನಾಡಿದರು. ಸರ್ಕಾರದ ಪರ ಬಂದ ಪಾರ್ಕ್ ಡೀಟ್ಸ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಇವನಲ್ಲಿ ವ್ಯಕ್ತಿತ್ವದೋಷಗಳಿವೆ, ದೀರ್ಘಕಾಲದ ಮಂದ ಖಿನ್ನತೆ ಇದೆ, ಖ್ಯಾತಿಯ ಹಪಾಹಪಿ ಇದೆ. ಗುಂಡುಗಳನ್ನು ಆರಿಸಿಕೊಂಡದ್ದು, ಸಮಯ ಕಾದದ್ದು ಎಲ್ಲವೂ ಯೋಚಿಸಿ ಮಾಡಿದ ಕೆಲಸ.

ಒಬ್ಬನೇ ಮನುಷ್ಯ, ಒಂದೇ ದಾಖಲೆ, ಎದುರುಬದುರು ತೀರ್ಮಾನ. ಮನೋವೈದ್ಯರು ದುಡ್ಡು ಕೊಟ್ಟವರ ಪರ ಮಾತಾಡುತ್ತಾರೆ ಎಂಬ ಗೊಣಗಾಟ ಪತ್ರಿಕೆಗಳಲ್ಲಿ ಶುರುವಾಗಿತ್ತು. ಅಭಿಪ್ರಾಯಗಳ ಈ ಜಗ್ಗಾಟದ ನಡುವೆ, ಯಾರ ಪರವೂ ಇಲ್ಲದಂತೆ ಕಾಣುವ ಒಂದು ಯಂತ್ರದ ಚಿತ್ರ ಎಷ್ಟು ಆಕರ್ಷಕವಾಗಿದ್ದೀತು ಎಂದು ಊಹಿಸಬಹುದು.

ಚಿತ್ರದಲ್ಲಿ ಏನಿತ್ತು

ಸಿಟಿ ಸ್ಕ್ಯಾನರ್ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಸಿಕ್ಕಿತ್ತು. ಹಿಂಕ್ಲಿಯ ವಿಚಾರಣೆಯ ಹೊತ್ತಿಗೆ ಯಂತ್ರಕ್ಕೆ ಹನ್ನೊಂದು ವರ್ಷ. ಎಕ್ಸ್-ರೇ ಕಿರಣಗಳನ್ನು ಸುತ್ತಲಿಂದ ಹಾಯಿಸಿ, ತಲೆಯನ್ನು ಅಡ್ಡಡ್ಡ ಕೊಯ್ದ ಬಿಲ್ಲೆಗಳಂತೆ ಅದು ತೋರಿಸುತ್ತದೆ. ತಲೆಬುರುಡೆ ಅಚ್ಚ ಬಿಳಿ, ಮಿದುಳು ಬೂದು, ದ್ರವ ತುಂಬಿದ ಜಾಗವೆಲ್ಲ ಕಪ್ಪು. ಮಿದುಳಿನ ಮೇಲ್ಮೈ ಮಡಿಕೆ ಮಡಿಕೆಯಾಗಿದ್ದು, ಮಡಿಕೆಗಳ ನಡುವಿನ ಸೀಳುಗಳಲ್ಲಿ ದ್ರವವಿರುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಈ ಸೀಳುಗಳು ಕೂದಲೆಳೆಯಂತೆ ಕಿರಿದಾಗಿರುವುದು ಸಾಮಾನ್ಯ. ವಯಸ್ಸಾದಂತೆ ಮಿದುಳು ಕುಗ್ಗಿ ಅಗಲವಾಗುತ್ತವೆ. ಹಿಂಕ್ಲಿಯ ಸ್ಕ್ಯಾನಿನಲ್ಲಿ ಅವು ಅವನ ವಯಸ್ಸಿಗೆ ಮೀರಿ ಅಗಲವಾಗಿವೆ ಎಂದು ಪ್ರತಿವಾದಿಯ ಪರ ರೇಡಿಯಾಲಜಿಸ್ಟ್ ಮಾರ್ಜರಿ ಲೆಮೇ ಹೇಳಿದರು. ಸರ್ಕಾರದ ಪರ ರೇಡಿಯಾಲಜಿಸ್ಟ್ ಅದೇ ಬಿಲ್ಲೆಗಳನ್ನು ನೋಡಿ ಅದನ್ನು ಒಪ್ಪಲಿಲ್ಲ. ಯಂತ್ರವೂ ಜಗಳವನ್ನು ತೀರಿಸಲಿಲ್ಲ, ಇನ್ನೊಂದು ಜಗಳವನ್ನು ಹುಟ್ಟುಹಾಕಿತು.

ನ್ಯಾಯಾಧೀಶ ಪಾರ್ಕರ್ ಈ ಸಾಕ್ಷ್ಯವನ್ನು ಮೊದಲು ಒಳಬಿಡಲಿಲ್ಲ. ವಾದ-ವಿವಾದದ ಬಳಿಕ ಮನಸ್ಸು ಬದಲಿಸಿ ಜ್ಯೂರಿಗೆ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಿಗೆ, ತೋರಿಸಲು ಒಪ್ಪಿದರು. ಅದರ ಬೆನ್ನೆಲುಬಾಗಿ ಬೇರ್ ಕೊಟ್ಟ ಅಂಕಿ ಇದು: ಸ್ಕಿಜೋಫ್ರೇನಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೀಳುಗಳು ಹೀಗೆ ಅಗಲವಾಗಿರುತ್ತವೆ, ಸಾಮಾನ್ಯ ಜನರಲ್ಲಿ ನೂರಕ್ಕೆ ಇಬ್ಬರಿಗೂ ಇರಲಾರದು.

ಈ ಅಂಕಿ ಗಾಳಿಯಿಂದ ಬಂದದ್ದಲ್ಲ. 1976ರಲ್ಲಿ ಲಂಡನ್ ಬಳಿಯ ನಾರ್ತ್‌ವಿಕ್ ಪಾರ್ಕಿನಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದಿದ್ದ 17 ರೋಗಿಗಳ ಸಿಟಿ ಸ್ಕ್ಯಾನ್ ಮಾಡಿ, ಮಿದುಳಿನ ಒಳಗಿನ ದ್ರವದ ಕುಹರಗಳು ಹಿಗ್ಗಿರುವುದನ್ನು ತೋರಿಸಿದ್ದರು. ಕುಹರ ಹಿಗ್ಗಿದಷ್ಟೂ ಬುದ್ಧಿಸಾಮರ್ಥ್ಯದ ಪರೀಕ್ಷೆಗಳಲ್ಲಿ ರೋಗಿಗಳು ಹಿಂದೆ ಬೀಳುತ್ತಿದ್ದರು. 1979ರಲ್ಲಿ ಡೇನಿಯಲ್ ವೈನ್‌ಬರ್ಗರ್ ತಂಡ 58 ರೋಗಿಗಳನ್ನು ಅಳೆದು ಕುಹರಗಳ ಅದೇ ಹಿಗ್ಗುವಿಕೆಯನ್ನು ಕಂಡಿತು. ಮಿದುಳಿನ ಹೊರಮೈ ಸೀಳುಗಳ ಬಗ್ಗೆಯೂ ಆ ತಂಡ ವರದಿ ಮಾಡಿತು. ಮರುವರ್ಷ ಕ್ರೋ ಒಂದು ದಿಟ್ಟ ಊಹೆ ಮುಂದಿಟ್ಟರು. ಭ್ರಮೆ, ಹುಸಿನಂಬಿಕೆಗಳು ಮಿದುಳಿನ ರಾಸಾಯನಿಕದ ಏರುಪೇರು, ಔಷಧಿಗೆ ಬಗ್ಗುತ್ತವೆ. ಮಾತು-ಭಾವ-ಇಚ್ಛೆಗಳ ಬತ್ತುವಿಕೆ ಮಿದುಳಿನ ರಚನೆಯಲ್ಲೇ ಆದ ನಷ್ಟ, ಔಷಧಿಗೆ ಬಗ್ಗದು ಎಂಬುದು ಅದರ ಸಾರ. ಹಿಂಕ್ಲಿಯ ಮಂಕು ಮುಖವನ್ನೂ ಅವನ ಮಿದುಳಿನ ಅಗಲ ಸೀಳುಗಳನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಈ ಚೌಕಟ್ಟು ಎಷ್ಟು ಚೆನ್ನಾಗಿ ಕೂಡುತ್ತಿತ್ತು! ಇದರಲ್ಲೊಂದು ವಿಚಿತ್ರವೂ ಇದೆ: ವೈನ್‌ಬರ್ಗರ್ ಪ್ರಯೋಗಾಲಯವಿದ್ದದ್ದು ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ. ತೀರ್ಪಿನ ನಂತರ ಹಿಂಕ್ಲಿಯನ್ನು ಕಳಿಸಿದ್ದೂ ಅಲ್ಲಿಗೇ.

ಮೂರರಲ್ಲೊಂದು, ನೂರಕ್ಕೆರಡು

ಈ ಎರಡು ಅಂಕಿಗಳನ್ನು ಒಟ್ಟಿಗೆ ಕೇಳಿದ ಯಾರಿಗೂ 'ಹಾಗಾದರೆ ಇವನಿಗೆ ಕಾಯಿಲೆ ಇರುವುದು ಬಹುತೇಕ ಖಚಿತ' ಎನಿಸುತ್ತದೆ. ಕಾಗದ-ಪೆನ್ನು ಹಿಡಿದು ನೋಡೋಣ. ಹತ್ತು ಸಾವಿರ ಜನರನ್ನು ಸುಮ್ಮನೆ ಆರಿಸಿ ಸ್ಕ್ಯಾನ್ ಮಾಡಿದೆವು ಎನ್ನಿ. ನೂರಕ್ಕೆ ಒಬ್ಬರ ಲೆಕ್ಕದಲ್ಲಿ ಅವರಲ್ಲಿ ಸ್ಕಿಜೋಫ್ರೇನಿಯಾ ಇರುವವರು 100 ಮಂದಿ. ಅವರ ಪೈಕಿ 33 ಮಂದಿಗೆ ಅಗಲ ಸೀಳು. ಉಳಿದ 9,900 ಮಂದಿಯಲ್ಲಿ ನೂರಕ್ಕೆ ಎರಡರಂತೆ 198 ಮಂದಿಗೂ ಅಗಲ ಸೀಳು. ಒಟ್ಟು 231 ಅಗಲ ಸೀಳಿನವರಲ್ಲಿ ಕಾಯಿಲೆ ಇರುವವರು 33, ಅಂದರೆ ಏಳರಲ್ಲಿ ಒಬ್ಬರು. ಉಳಿದ ಆರು ಮಂದಿ ಬರೀ ಅಗಲ ಸೀಳಿನ ಸಾಮಾನ್ಯರು.

ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಈ ಪ್ರಕರಣ ಪ್ರಸಿದ್ಧವಾಗಿರುವುದು ಇದೇ ಲೆಕ್ಕದಿಂದ. ಅಲ್ಲಿಗೇ ನಿಲ್ಲಿಸಿ ನಗುವವರ ಜೊತೆ ನನಗೆ ತಕರಾರಿದೆ. ಹಿಂಕ್ಲಿ ಬೀದಿಯಿಂದ ಕರೆತಂದ ಯಾರೋ ಒಬ್ಬನಲ್ಲ. ವರ್ಷಗಳ ಒಂಟಿತನ, ಕಲ್ಪಿತ ಗೆಳತಿ, ಕಲ್ಪಿತ ಸಂಘಟನೆಗಳನ್ನು ಕಂಡ ವೈದ್ಯರೊಬ್ಬರು ಸ್ಕ್ಯಾನಿಗೆ ಮುಂಚೆಯೇ 'ಸ್ಕಿಜೋಫ್ರೇನಿಯಾ ಇರುವ ಸಾಧ್ಯತೆ ಅರ್ಧಕ್ಕರ್ಧ' ಎಂದುಕೊಂಡಿದ್ದರೆ, ಅದೇ ಅಂಕಿಗಳ ಪ್ರಕಾರ ಸ್ಕ್ಯಾನ್ ನೋಡಿದ ಮೇಲೆ ಆ ಸಾಧ್ಯತೆ ನೂರಕ್ಕೆ 94ಕ್ಕೆ ಏರುತ್ತದೆ. ಸಾಕ್ಷ್ಯ ಹಗುರವೆಂದು ತಳ್ಳಿಹಾಕುವಂತಿಲ್ಲ.

ನಿಜವಾದ ಬಿರುಕು ಬೇರೆ ಕಡೆ ಇದೆ. ನೂರಕ್ಕೆ ಎರಡು ಎಂಬುದು ಆರೋಗ್ಯವಂತರ ಅಂಕಿ. ಹಿಂಕ್ಲಿ ಆರೋಗ್ಯವಂತ ಎಂದು ನ್ಯಾಯಾಲಯದಲ್ಲಿ ಯಾರೂ ವಾದಿಸಿರಲಿಲ್ಲ. ಸರ್ಕಾರದ ಪರ ವೈದ್ಯರೂ ಖಿನ್ನತೆಯನ್ನೂ ವ್ಯಕ್ತಿತ್ವದೋಷವನ್ನೂ ಹೆಸರಿಸಿದ್ದರು. ತೀವ್ರ ಖಿನ್ನತೆಯಂಥ ಭಾವಸ್ಥಿತಿಯ ಕಾಯಿಲೆಗಳಲ್ಲಿ, ಕುಡಿತದಲ್ಲಿ, ಊಟ ಬಿಟ್ಟು ಸೊರಗಿದವರಲ್ಲಿ ಕೂಡ ಮಿದುಳಿನ ದ್ರವದ ಜಾಗಗಳು ಹಿಗ್ಗುತ್ತವೆ. ಜ್ಯೂರಿಗೆ ಬೇಕಿದ್ದುದು 'ಸ್ಕಿಜೋಫ್ರೇನಿಯಾ ಅಥವಾ ಆರೋಗ್ಯ' ಎಂಬ ಹೋಲಿಕೆಯಲ್ಲ, 'ಸ್ಕಿಜೋಫ್ರೇನಿಯಾ ಅಥವಾ ಖಿನ್ನತೆ-ವ್ಯಕ್ತಿತ್ವದೋಷ' ಎಂಬ ಹೋಲಿಕೆ. ಆ ಎರಡನೆಯ ಗುಂಪಿನಲ್ಲಿ ನೂರಕ್ಕೆ 20 ಮಂದಿಗೆ ಅಗಲ ಸೀಳಿದೆ ಎಂದು ಮಾತಿಗೆ ಇಟ್ಟುಕೊಂಡರೂ, ಅರ್ಧಕ್ಕರ್ಧವಿದ್ದ ಅನುಮಾನ 62ರ ಆಸುಪಾಸಿಗಷ್ಟೇ ಹೋಗುತ್ತದೆ. ಚಿತ್ರ ಬದಲಾಗಿಲ್ಲ, ಅದನ್ನು ಯಾರ ಪಕ್ಕದಲ್ಲಿ ಇಟ್ಟು ನೋಡುತ್ತೇವೆ ಎಂಬುದು ಬದಲಾಗಿದೆ.

ಆಮೇಲೆ ವಿಜ್ಞಾನ ಕಂಡದ್ದು

ಪಕ್ಕದಲ್ಲಿಡಲು ತಕ್ಕ ಮಿದುಳು ಸಿಕ್ಕರೆ ಏನಾಗುತ್ತದೆ ಎಂಬುದನ್ನು 1990ರಲ್ಲಿ ಸುಡ್ಡತ್, ವೈನ್‌ಬರ್ಗರ್ ಮತ್ತಿತರರು ತೋರಿಸಿದರು. ಅವರು 15 ಜೋಡಿ ತದ್ರೂಪಿ ಅವಳಿಗಳ ಎಂಆರ್‌ಐ ಮಾಡಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಸ್ಕಿಜೋಫ್ರೇನಿಯಾ, ಇನ್ನೊಬ್ಬರಿಗೆ ಇಲ್ಲ. ನೆನಪಿನ ಕೆಲಸದಲ್ಲಿ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಎಡಬದಿಯಲ್ಲಿ 14 ಜೋಡಿಗಳಲ್ಲಿ ರೋಗಿಗೇ ಚಿಕ್ಕದಾಗಿತ್ತು. ವಂಶವಾಹಿ ಒಂದೇ ಆಗಿದ್ದರೂ ಮಿದುಳು ಬೇರೆಯಾಗಿತ್ತು. ಆ ರೋಗಿಗಳಲ್ಲಿ ಹಲವರ ಸ್ಕ್ಯಾನನ್ನು ಒಂಟಿಯಾಗಿ ನೋಡಿದ್ದರೆ 'ಸಾಮಾನ್ಯ' ಎಂದೇ ವರದಿ ಬರುತ್ತಿತ್ತು. ಕೊರತೆ ಬಯಲಾದದ್ದು ಅವಳಿಯ ಪಕ್ಕದಲ್ಲಿ. ಹಿಂಕ್ಲಿಗೆ ಅಂಥ ಅವಳಿ ಇರಲಿಲ್ಲ.

ಲಕ್ಷಣಗಳ ಜಾಡು ಹಿಡಿದವರಿಗೂ ಒಂದಿಷ್ಟು ಸಿಕ್ಕಿತು. ಎಡಕಿವಿಯ ಮೇಲ್ಭಾಗಕ್ಕೆ, ತಲೆಬುರುಡೆಯ ಒಳಗೆ, ಮಾತನ್ನು ಕೇಳಿ ಅರ್ಥಮಾಡಿಕೊಳ್ಳುವ ಒಂದು ಮಡಿಕೆ ಇದೆ. ಅದು ಚಿಕ್ಕದಾದಷ್ಟೂ ಇಲ್ಲದ ಧ್ವನಿಗಳ ಕಾಟ ಹೆಚ್ಚು ಎಂದು 1990ರಲ್ಲಿ ಬಾರ್ಟಾ ತಂಡವೂ, ಯೋಚನೆಯ ಎಳೆ ತಪ್ಪುವುದು ಹೆಚ್ಚು ಎಂದು 1992ರಲ್ಲಿ ಮಾರ್ಥಾ ಶೆಂಟನ್ ತಂಡವೂ ವರದಿ ಮಾಡಿದವು. ಭ್ರಮೆಗಳು ಬರೀ ರಾಸಾಯನಿಕದ ಆಟ ಎಂಬ ಕ್ರೋ ಊಹೆ ಪೂರ್ತಿ ನಿಲ್ಲಲಿಲ್ಲ, ಅವಕ್ಕೂ ರಚನೆಯಲ್ಲಿ ಬೇರಿದೆ ಎಂದಾಯಿತು. ಇಚ್ಛೆ ಬತ್ತುವುದಕ್ಕೆ ಮುಂಭಾಗದ ಮಿದುಳಿನ ಹೊರಪದರ ತೆಳುವಾಗಿರುವುದರೊಂದಿಗೆ ನಂಟು ಕಂಡಿದೆ. ಈ ಎಲ್ಲ ನಂಟುಗಳೂ ಸಡಿಲ. ಒಬ್ಬರ ಸ್ಕ್ಯಾನ್ ನೋಡಿ 'ಇವರಿಗೆ ಧ್ವನಿ ಕೇಳುತ್ತದೆ' ಎಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ.

ಎಷ್ಟು ಸಡಿಲ ಎಂಬುದಕ್ಕೂ ಅಂಕಿ ಇದೆ. 2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ 2,028 ರೋಗಿಗಳ ಮತ್ತು 2,540 ಆರೋಗ್ಯವಂತರ ಎಂಆರ್‌ಐಗಳನ್ನು ಹೋಲಿಸಿತು. ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಹಿಪೊಕ್ಯಾಂಪಸ್‌ನಲ್ಲೇ. ಆ ವ್ಯತ್ಯಾಸವನ್ನು ಸರಳವಾಗಿ ಹೇಳುವುದಾದರೆ, ಎರಡೂ ಗುಂಪಿನಿಂದ ಒಬ್ಬೊಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ನೂರರಲ್ಲಿ ಸುಮಾರು 63 ಸಲ ರೋಗಿಯ ಹಿಪೊಕ್ಯಾಂಪಸ್ ಚಿಕ್ಕದಾಗಿರುತ್ತದೆ, 37 ಸಲ ದೊಡ್ಡದಾಗಿರುತ್ತದೆ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ.

ಔಷಧಿಯ ತೊಡಕು ಇನ್ನೊಂದು. 2005ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಂಗಗಳಿಗೆ ದೀರ್ಘಕಾಲ ಮನೋವಿಕೃತಿಗೆ, ಅಂದರೆ ವಾಸ್ತವದ ಹಿಡಿತ ತಪ್ಪುವ ಕಾಯಿಲೆಗೆ, ಬಳಸುವ ಔಷಧಿ ಕೊಟ್ಟಾಗ ಅವುಗಳ ಮಿದುಳು ನೂರಕ್ಕೆ 8ರಿಂದ 11ರಷ್ಟು ಕಿರಿದಾಗಿತ್ತು. ಹಾಗಾದರೆ ರೋಗಿಗಳಲ್ಲಿ ಕಾಣುವ ಕುಗ್ಗುವಿಕೆ ಕಾಯಿಲೆಯದೋ ಮಾತ್ರೆಯದೋ? ಇದನ್ನು ಬಿಡಿಸಲು ಒಂದೂ ಮಾತ್ರೆ ನುಂಗದ ರೋಗಿಗಳು ಬೇಕು. ಚಿಕಿತ್ಸೆ ಬೇಗ ಸಿಗುವ ದೇಶಗಳಲ್ಲಿ ಅಂಥವರು ಅಪರೂಪ. ನಮ್ಮಲ್ಲಿ ಜನ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿಯುವುದು ದುಃಖದ ಸಂಗತಿಯಾದರೂ, ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಹಾಗೆ ಮೊದಲ ಸಲ ಆಸ್ಪತ್ರೆಗೆ ಬಂದವರ ಎಂಆರ್‌ಐ ಅಧ್ಯಯನಗಳನ್ನು ನಡೆಸಿ ಈ ಪ್ರಶ್ನೆಗೆ ಗಟ್ಟಿ ಕಾಣಿಕೆ ನೀಡಿದ್ದಾರೆ. ಔಷಧಿಗೆ ಮುಂಚೆಯೂ ವ್ಯತ್ಯಾಸಗಳಿವೆ ಎಂಬುದು ಈಗ ಒಪ್ಪಿತ ಮಾತು. ಇಂದಿಗೂ ಮನೋವೈದ್ಯರು ಸ್ಕ್ಯಾನ್ ಬರೆದುಕೊಡುವುದು ಗೆಡ್ಡೆ, ಸೋಂಕು, ಪೆಟ್ಟು ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. 'ಸ್ಕ್ಯಾನ್ ನಾರ್ಮಲ್ ಬಂದಿದೆ, ಹಾಗಾದರೆ ಕಾಯಿಲೆ ಇಲ್ಲ ಅಲ್ಲವೇ' ಎಂದು ಕೇಳುವ ಮನೆಯವರಿಗೆ ಇದನ್ನು ತಿಳಿಹೇಳುವುದು ಸಣ್ಣ ಕೆಲಸವಲ್ಲ.

ತೀರ್ಪು ನಿಂತದ್ದು ಯಾವುದರ ಮೇಲೆ

1982ರ ಜೂನ್ 21ರಂದು ಜ್ಯೂರಿ ಎಲ್ಲ 13 ಆರೋಪಗಳಲ್ಲೂ ಒಂದೇ ಉತ್ತರ ಕೊಟ್ಟಿತು: ಬುದ್ಧಿಭ್ರಮಣೆಯ ಕಾರಣದಿಂದ ತಪ್ಪಿತಸ್ಥನಲ್ಲ. ದೇಶ ಕೆರಳಿತು. ಸ್ಕ್ಯಾನ್ ಜ್ಯೂರಿಯನ್ನು ಮರುಳು ಮಾಡಿತು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ನನ್ನ ಅಂದಾಜಿನಲ್ಲಿ ಹೆಚ್ಚು ತೂಗಿದ್ದು ಕಾನೂನಿನ ಒಂದು ಸಾಲು. ಆಗಿನ ನಿಯಮದಂತೆ ಆರೋಪಿಯ ಬುದ್ಧಿ ಸ್ತಿಮಿತದಲ್ಲಿತ್ತು ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಸರ್ಕಾರದ್ದಾಗಿತ್ತು. ತಜ್ಞರು ಎರಡು ಪಾಳಯವಾಗಿ ನಿಂತ ಮೇಲೆ ಸಂಶಯ ಉಳಿಯದೇ ಇರುವುದಾದರೂ ಹೇಗೆ? 1984ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ತಿದ್ದಿ ಆ ಹೊಣೆಯನ್ನು ಆರೋಪಿಯ ಹೆಗಲಿಗೆ ದಾಟಿಸಿತು.

ಭಾರತದಲ್ಲಿ ಆ ಹೊಣೆ ಮೊದಲಿನಿಂದಲೂ ಆರೋಪಿಯದೇ. ದಂಡ ಸಂಹಿತೆಯ 84ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಕೇಳುವ ಪ್ರಶ್ನೆ ಇನ್ನೂ ಇಕ್ಕಟ್ಟಾದದ್ದು: ಕೃತ್ಯದ ಸ್ವರೂಪ ತಿಳಿಯಲು, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯಲು, ಆ ಕ್ಷಣದಲ್ಲಿ ಅವನು ಅಸಮರ್ಥನಾಗಿದ್ದನೇ? ಕಾಯಿಲೆ ಇದೆ ಎಂದರಷ್ಟೇ ಸಾಲದು. ಸೀಳಿನ ಅಗಲ ಈ ಪ್ರಶ್ನೆಯ ಹತ್ತಿರಕ್ಕೂ ಬರುವುದಿಲ್ಲ. ಅದು ತಿಂಗಳು, ವರ್ಷಗಳಲ್ಲಿ ಮೂಡಿದ ಗುರುತು. ಕಾನೂನಿಗೆ ಬೇಕಿರುವುದು ಒಂದು ಮಧ್ಯಾಹ್ನದ ಮನಸ್ಸು. ಮಿದುಳಿನ ಪರೀಕ್ಷೆಗಳ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ ಮಹತ್ವದ ಮಾತು ಬಂದದ್ದು ಕರ್ನಾಟಕದ ಮೇಲ್ಮನವಿಯೊಂದು ಹೆಸರು ಕೊಟ್ಟ 2010ರ ಸೆಲ್ವಿ ಪ್ರಕರಣದಲ್ಲಿ. ಅದು ಒಪ್ಪಿಗೆಯಿಲ್ಲದೆ ನಾರ್ಕೊ, ಪಾಲಿಗ್ರಾಫ್, ಮಿದುಳಿನ ವಿದ್ಯುತ್ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂಬ ತೀರ್ಪು. ರಚನೆಯ ಚಿತ್ರಗಳ ಪ್ರಶ್ನೆ ಅಲ್ಲಿರಲಿಲ್ಲ.

ಹಿಂಕ್ಲಿ ಸೇಂಟ್ ಎಲಿಜಬೆತ್ಸ್‌ನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಇದ್ದ. 2016ರಲ್ಲಿ ನ್ಯಾಯಾಧೀಶ ಪಾಲ್ ಫ್ರೀಡ್‌ಮನ್ ಅವನನ್ನು ವರ್ಜೀನಿಯಾದ ತಾಯಿಯ ಮನೆಯಲ್ಲಿರಲು ಬಿಟ್ಟಾಗ ದಾಖಲೆಯಲ್ಲಿದ್ದ ರೋಗನಿರ್ಣಯ ಹೀಗಿತ್ತು: ತೀವ್ರ ಖಿನ್ನತೆ ಮತ್ತು ನಿರ್ದಿಷ್ಟಪಡಿಸದ ಮನೋವಿಕೃತಿ, ಎರಡೂ ಬಹುಕಾಲದಿಂದ ಶಮನಗೊಂಡಿವೆ, ಜೊತೆಗೆ ಆತ್ಮರತಿಯ ವ್ಯಕ್ತಿತ್ವದೋಷ. ಮಿದುಳಿನ ಚಿತ್ರ ಬೆಂಬಲಿಸಲು ಹೊರಟಿದ್ದ ಸ್ಕಿಜೋಫ್ರೇನಿಯಾ ಎಂಬ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಬಿಡುಗಡೆಯ ವಿಚಾರಣೆಗಳಲ್ಲಿ ಎರಡೂ ಕಡೆಯವರು ಹೊಡೆದಾಡಿದ್ದು ತೀರಾ ಬೇರೆ ಬಗೆಯ ಸಾಕ್ಷ್ಯದ ಮೇಲೆ. 2011ರಲ್ಲಿ ಸಿನಿಮಾಕ್ಕೆ ಹೋಗುತ್ತೇನೆಂದು ಹೇಳಿದ ಹಿಂಕ್ಲಿ ಪುಸ್ತಕದಂಗಡಿಗೆ ಹೋಗಿದ್ದ, ರೇಗನ್ ಮೇಲಿನ ದಾಳಿಯ ಪುಸ್ತಕಗಳಿದ್ದ ಕಪಾಟಿನ ಮುಂದೆ ನಿಂತಿದ್ದ, ಮರಳಿ ಬಂದು ಸಿನಿಮಾ ನೋಡಿದೆ ಎಂದಿದ್ದ. ಹಿಂಬಾಲಿಸುತ್ತಿದ್ದ ಸೀಕ್ರೆಟ್ ಸರ್ವಿಸ್‌ನವರು ಅದನ್ನು ಬರೆದಿಟ್ಟುಕೊಂಡಿದ್ದರು. ಸರ್ಕಾರ ಅದನ್ನು ಅಪಾಯದ ಗುರುತು ಎಂದಿತು, ಅವನ ವಕೀಲರು ಸಣ್ಣ ಸುಳ್ಳು ಎಂದರು. ನ್ಯಾಯಾಧೀಶರು ಇಂಥ ಸುಳ್ಳುಗಳನ್ನೂ, ತಪ್ಪದೆ ಮಾಡಿದ ಚಿಕಿತ್ಸಕರ ಭೇಟಿಗಳನ್ನೂ, ಹಿಂಸೆಯಿಲ್ಲದೆ ಕಳೆದ ವರ್ಷಗಳನ್ನೂ ಅಳೆದು ತೂಗಿ, 2022ರ ಜೂನ್ 15ರಿಂದ ಎಲ್ಲ ಷರತ್ತುಗಳನ್ನೂ ತೆಗೆದುಹಾಕಿದರು.